ಪ್ರಾಯೋಜಕರ ಹೆಸರು ಪರದೆಯ ಮೇಲೆ ಕಾಣಬೇಕಾದರೆ: ಊರ ಕಬಡ್ಡಿಯ ನೇರಪ್ರಸಾರಕ್ಕೊಂದು ಕೈಪಿಡಿ

ಮಳೆಗಾಲ ಮುಗಿದು ಮೈದಾನ ಒಣಗಿತೆಂದರೆ ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ. ಈಗೀಗ ಯೂಟ್ಯೂಬ್ ನೇರಪ್ರಸಾರವೂ ಇರುತ್ತದೆ. ದುಬೈ, ಮುಂಬೈ, ಬೆಂಗಳೂರಿನಲ್ಲಿರುವ ಊರಿನವರು ಕೂತು ನೋಡುತ್ತಾರೆ. ಆದರೆ ದುಡ್ಡು ಕೊಟ್ಟ ಅಂಗಡಿಯವರ ಬ್ಯಾನರು ಕ್ಯಾಮೆರಾದ ಬೆನ್ನ ಹಿಂದೆ ಇರುತ್ತದೆ, ಇಲ್ಲವೇ ಪರದೆಯ ಮೂಲೆಯಲ್ಲಿ ಓದಲಾಗದಷ್ಟು ಸಣ್ಣದಾಗಿರುತ್ತದೆ. ಮುಂದಿನ ವರ್ಷ ಕೇಳಲು ಹೋದರೆ "ನೋಡೋಣ" ಎಂಬ ಉತ್ತರ ಸಿಗುತ್ತದೆ. ದುಡ್ಡು ಕೇಳಲು ಹೋಗುವವರು ಬೇರೆ, ಕ್ಯಾಮೆರಾ ಇಡುವವರು ಬೇರೆ, ಇಬ್ಬರೂ ಮೊದಲೇ ಕೂತು ಮಾತಾಡುವುದಿಲ್ಲ. ತೊಡಕಿನ ಮೂಲ ಇದು. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತುಮಾಡಿಕೊಂಡ ಮೇಲೆಯೇ ಪ್ರಾಯೋಜಕರ ಮನೆಬಾಗಿಲಿಗೆ ಹೋಗಬೇಕು.

ಈ ಲೆಕ್ಕವನ್ನು ಚೆನ್ನಾಗಿ ಅರಿತವರು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಕಾಲೇಜು ಫುಟ್‌ಬಾಲಿನವರು. ಅಲ್ಲಿ ಋತುವಿನ ಕೊನೆಗೆ, ಡಿಸೆಂಬರ್–ಜನವರಿಯಲ್ಲಿ, 'ಬೌಲ್' ಪಂದ್ಯಗಳು ನಡೆಯುತ್ತವೆ. ಮೊದಲನೆಯದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ 1902ರ ಜನವರಿ 1ರಂದು ನಡೆದಾಗ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49–0ರಿಂದ ಸೋಲಿಸಿತ್ತು. 1980ರ ದಶಕದಿಂದ ಪಂದ್ಯದ ಹೆಸರಿನ ಮುಂದೆ ಕಂಪನಿಗಳ ಹೆಸರು ಸೇರತೊಡಗಿತು. ಇವತ್ತು ಹನ್ನೆರಡಕ್ಕೂ ಹೆಚ್ಚು ಬೌಲ್ ಪಂದ್ಯಗಳ ಒಡೆತನವೇ ಪ್ರಸಾರ ಮಾಡುವ ಇಎಸ್‌ಪಿಎನ್‌ನ ಅಂಗಸಂಸ್ಥೆಯದು. ಹಾಗಾಗಿ ಪ್ರಾಯೋಜಕರ ಜೊತೆ ಮಾತುಕತೆಯೂ ಕ್ಯಾಮೆರಾದ ಯೋಜನೆಯೂ ಒಂದೇ ಮೇಜಿನ ಮೇಲೆ ಆಗುತ್ತವೆ.

ಅವರ ಗಿಮಿಕ್ಕುಗಳನ್ನೇ ನೋಡಿ. ಷಾರ್ಲಟ್‌ನ ಡ್ಯೂಕ್ಸ್ ಮೇಯೊ ಬೌಲ್‌ನಲ್ಲಿ ಗೆದ್ದ ಕೋಚ್‌ನ ತಲೆಯ ಮೇಲೆ ಬಕೆಟ್‌ಗಟ್ಟಲೆ ಮೇಯೊನೀಸ್ ಎಂಬ ಬಿಳಿ ಗಟ್ಟಿ ಸಾಸ್ ಸುರಿಯುತ್ತಾರೆ. ಅದಕ್ಕೊಪ್ಪಿದ ಕೋಚ್ ಹೇಳಿದ ಸೇವಾಸಂಸ್ಥೆಗೆ ಕಂಪನಿ 10,000 ಡಾಲರ್ ಕೊಡುತ್ತದೆ. ಐಡಾಹೊ ರಾಜ್ಯದ ಆಲೂಗಡ್ಡೆಯ ಹೆಸರಿನ ಪಂದ್ಯದಲ್ಲಿ ಸುರಿಯುವುದು ಫ್ರೆಂಚ್ ಫ್ರೈಸ್. 2023ರ ಡಿಸೆಂಬರ್ 28ರಂದು ಒರ್ಲ್ಯಾಂಡೊದ ಪಾಪ್-ಟಾರ್ಟ್ಸ್ ಬೌಲ್‌ನಲ್ಲಿ ಕಾನ್ಸಾಸ್ ಸ್ಟೇಟ್ ತಂಡ ಎನ್.ಸಿ. ಸ್ಟೇಟ್ ತಂಡವನ್ನು 28–19ರಿಂದ ಗೆದ್ದಿತು. ಆಮೇಲೆ ಪಾಪ್-ಟಾರ್ಟ್ ಎಂಬ ತಿಂಡಿಯ ವೇಷ ಹಾಕಿದ್ದ ಗೊಂಬೆ ದೊಡ್ಡದೊಂದು ಟೋಸ್ಟರಿನೊಳಗೆ ಇಳಿಯಿತು, ಕೆಳಗಿನಿಂದ ನಿಜವಾದ ದೈತ್ಯ ತಿಂಡಿ ಹೊರಬಂತು, ಆಟಗಾರರು ಅದನ್ನು ಮುರಿದು ತಿಂದರು. ಎರಡೂ ತಂಡಗಳ ಗುರುತೇ ಇಲ್ಲದವರೂ ಆ ತುಣುಕನ್ನು ನೋಡಿದರು. ಗಮನಿಸಬೇಕಾದದ್ದು: ಎಲ್ಲ ಕಡೆಯೂ ಗಿಮಿಕ್ಕು ಹುಟ್ಟಿದ್ದು ಪ್ರಾಯೋಜಕರು ಮಾರುವ ವಸ್ತುವಿನಿಂದಲೇ, ನಡೆದದ್ದು ಫಲಿತಾಂಶ ಬಂದ ಮೇಲೆ, ಮತ್ತು ಕ್ಯಾಮೆರಾದವರಿಗೆ ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿತ್ತು.

ಕ್ಯಾಮೆರಾದ ಜಾಗ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮುಖ್ಯ ಕ್ಯಾಮೆರಾ ಉದ್ದದ ಬದಿಯಲ್ಲಿ, ಮಧ್ಯಗೆರೆಯ ನೇರಕ್ಕೆ ನಿಲ್ಲಬೇಕು. ಹೆಚ್ಚಿನವರು ತಪ್ಪುವುದು ದೂರದ ಲೆಕ್ಕದಲ್ಲಿ. ಅಂಕಣದ ನಡುಭಾಗ ತುಂಬಾ ಚಂದ ಕಾಣುತ್ತಿದೆ ಎಂದು ಹತ್ತಿರ ಇಟ್ಟುಬಿಡುತ್ತಾರೆ. ಆಟ ಶುರುವಾದ ಮೇಲೆ ಕ್ಯಾಮೆರಾ ಕಡೆಯ ಎರಡು ಮೂಲೆಗಳೇ ಚೌಕಟ್ಟಿನಿಂದ ಹೊರಗುಳಿಯುತ್ತವೆ. ಕಾರ್ನರ್ ಆಟಗಾರ ಆ್ಯಂಕಲ್ ಹಿಡಿದದ್ದು ಯಾರಿಗೂ ಕಾಣುವುದಿಲ್ಲ. ಮೊಬೈಲಿನ ಸಾಮಾನ್ಯ ಲೆನ್ಸ್ ವಿಡಿಯೊದಲ್ಲಿ ಸುಮಾರು 65 ಡಿಗ್ರಿ ಅಗಲ ನೋಡುತ್ತದೆ. ಹತ್ತಿರದ ಗೆರೆ ಪೂರ್ತಿ ಸಿಗಬೇಕಾದರೆ ಆ ಗೆರೆಯಿಂದ 11 ಮೀಟರ್ ಹಿಂದೆ ಹೋಗಬೇಕು.

ಎತ್ತರ 3.5ರಿಂದ 4 ಮೀಟರ್ ಇರಲಿ. ಅಷ್ಟು ಸಾಲುವುದು ಕ್ಯಾಮೆರಾ ಮುಂದಿನ ಪ್ರೇಕ್ಷಕರು ನೆಲದ ಮೇಲೆ ಕೂತರೆ ಮಾತ್ರ. ಗೆರೆಯಿಂದ 3 ಮೀಟರ್ ಆಚೆ ಒಬ್ಬರು ಎದ್ದುನಿಂತರೂ ಅವರ ತಲೆಯ ಮೇಲಿನಿಂದ ಗೆರೆ ಕಾಣಲು ಕ್ಯಾಮೆರಾ 6 ಮೀಟರ್ ಮೇಲೇರಬೇಕಾಗುತ್ತದೆ. ಆದ್ದರಿಂದ ಆ ಬದಿಯಲ್ಲಿ ಚಾಪೆ ಹಾಸಿ, ಹಗ್ಗ ಕಟ್ಟಿ, ಮಕ್ಕಳನ್ನೂ ಹಿರಿಯರನ್ನೂ ಕೂರಿಸಿ. ನಿಲ್ಲುವವರಿಗೆ ಎದುರು ಬದಿ ಇದೆ.

ಅಟ್ಟಣಿಗೆಗೆ ಘಟ್ಟದ ಮೇಲಾದರೆ ಅಡಿಕೆ ಮರದ ಕಂಬ, ಕರಾವಳಿಯಲ್ಲಿ ಗಾಳಿಮರದ ಕಂಬ ಸಿಗುತ್ತದೆ. ನಾಲ್ಕೂ ಬದಿಗೆ ಕತ್ತರಿಯಾಕಾರದಲ್ಲಿ ಅಡ್ಡಕಂಬ ಕಟ್ಟಲೇಬೇಕು, ಇಲ್ಲದಿದ್ದರೆ ರಾತ್ರಿಯ ಗಾಳಿಗೆ ಚಿತ್ರ ಅಲುಗುತ್ತದೆ. ಕಾಮೆಂಟರಿಯವರಿಗೆ ಬೇರೆಯೇ ಅಟ್ಟಣಿಗೆ ಕೊಡಿ. ಉತ್ಸಾಹದಲ್ಲಿ ಅವರು ಎದ್ದು ಕೂತು ಮಾಡಿದಷ್ಟೂ ಕ್ಯಾಮೆರಾ ಕುಣಿಯುತ್ತದೆ.

ದೇವಸ್ಥಾನದ ಎದುರಿನ ಸಣ್ಣ ಬಯಲಿನಲ್ಲಿ 11 ಮೀಟರ್ ಸಿಗದೆ ಹೋಗಬಹುದು. ಆಗ ಮೊಬೈಲಿನ ಅತಿ ಅಗಲದ ಲೆನ್ಸಿಗೆ ಹೋಗಬೇಡಿ, ರಾತ್ರಿಯ ಬೆಳಕಿನಲ್ಲಿ ಅದರ ಚಿತ್ರ ರವೆರವೆಯಾಗುತ್ತದೆ. ಒಳ್ಳೆಯ ವಿಡಿಯೊ ಹೆಡ್ ಇರುವ ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ರೈಡ್ ನಡೆಯುವ ಅರ್ಧ ಅಂಕಣವನ್ನಷ್ಟೇ ತೋರಿಸಿ. ಎರಡನೇ ಕ್ಯಾಮೆರಾ ಇದ್ದರೆ ಅದು ನೆಲಮಟ್ಟದಲ್ಲಿ, ಅಂಕಣದ ಒಂದು ತುದಿಯ ಮೂಲೆಯಲ್ಲಿರಲಿ. ಪ್ರಾಯೋಜಕರ ವಿಶೇಷ ಗಳಿಗೆಗಳಿಗೆ ಇದೇ ಬೇಕು.

ಬ್ಯಾನರಿನ ಗಣಿತ

ಕ್ಯಾಮೆರಾ ಮೇಲಿನಂತೆ ನಿಂತರೆ ಮಾರಾಟಕ್ಕೆ ಸಿಗುವ ಒಳ್ಳೆಯ ಜಾಗ ಎದುರು ಬದಿ ಒಂದೇ. ಆಟಗಾರರು ಓಡಿ ಹೊರಹೋಗುವುದರಿಂದ ಗೆರೆಯಿಂದ 3 ಮೀಟರ್ ಬಿಟ್ಟು ಕಟ್ಟಿ, ಕಬ್ಬಿಣದ ಚೌಕಟ್ಟು ಬೇಡವೇ ಬೇಡ. ಅಲ್ಲಿಗೆ ಕ್ಯಾಮೆರಾದಿಂದ 24 ಮೀಟರ್ ಆಯಿತು. ಆ ದೂರದಲ್ಲಿ ಚೌಕಟ್ಟಿನೊಳಗೆ ಸುಮಾರು 30 ಮೀಟರ್ ಅಗಲ ಹಿಡಿಯುತ್ತದೆ. 720ಪಿ ಚಿತ್ರದ 1280 ಪಿಕ್ಸೆಲ್‌ಗಳನ್ನು ಅಷ್ಟಕ್ಕೆ ಹಂಚಿದರೆ ಮೀಟರಿಗೆ ಸುಮಾರು 42. ಒಂದು ಅಡಿ ಎತ್ತರದ ಅಕ್ಷರಕ್ಕೆ ಸಿಗುವುದು 13 ಪಿಕ್ಸೆಲ್, ಅಂದರೆ ಮೊಬೈಲ್ ಪರದೆಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದನ್ನು ಯಾರೂ ಓದಲಾರರು. ಎರಡು ಅಡಿಯ ಅಕ್ಷರ ಓದಲು ಬರುತ್ತದೆ.

ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಎರಡಡಿಯ ಅಕ್ಷರಕ್ಕೆ ಬ್ಯಾನರು ಮೂರಡಿ ಎತ್ತರ ಇರಬೇಕು. ಉದ್ದ 16 ಅಡಿ ಇಟ್ಟರೆ ಏಳೆಂಟು ಅಕ್ಷರದ ಹೆಸರು ಆರಾಮಾಗಿ ಕೂರುತ್ತದೆ. ಅಂಥ ಐದು ಬ್ಯಾನರುಗಳು ಸೇರಿ 80 ಅಡಿ, ಅಂದರೆ 24 ಮೀಟರ್ ಚಿಲ್ಲರೆ. ಎರಡೂ ತುದಿಯಲ್ಲಿ ಸ್ವಲ್ಪ ಖಾಲಿ ಉಳಿಯುವಂತೆ ಐದಕ್ಕೇ ನಿಲ್ಲಿಸಿ. ಆರನೆಯವರಿಗೆ ಮಾರಿದರೆ ಎಲ್ಲರದೂ ಕೆಡುತ್ತದೆ. ಮಾಲೀಕರ ಫೋಟೊ, ಫೋನ್ ನಂಬರು, ಮೂರು ಶಾಖೆಯ ವಿಳಾಸ ಯಾವುದೂ ಬೇಡ: ಹೆಸರು ಮತ್ತು ಮಾರುವ ವಸ್ತು, ಅಷ್ಟೇ. ತಿಳಿಹಳದಿ ಮೇಲೆ ಕಪ್ಪು ಅಥವಾ ಗಾಢ ನೀಲಿ ಮೇಲೆ ಬಿಳಿ ಚೆನ್ನಾಗಿ ಎದ್ದು ಕಾಣುತ್ತದೆ. ಅಚ್ಚ ಬಿಳಿ ಹಿನ್ನೆಲೆ ಫ್ಲಡ್‌ಲೈಟಿಗೆ ಹೊಳೆದು ಅಕ್ಷರವನ್ನೇ ನುಂಗುತ್ತದೆ.

ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಯ ಬ್ಯಾನರನ್ನೇ ಮಾಡಿಸಿ, ನಗರಸಭೆ ಅಥವಾ ಪಂಚಾಯಿತಿಯ ಅನುಮತಿ ಪಡೆಯಿರಿ. ಕಡಲತೀರದ ಗಾಳಿಗೆ ಬಟ್ಟೆ ಹಾಯಿಯಂತೆ ಉಬ್ಬುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಹಗ್ಗ ಪೋಣಿಸಿ, ಎಂಟಡಿಗೊಂದು ಗೂಟಕ್ಕೆ ಬಿಗಿದು ಕಟ್ಟಿದರೆ ಓದುವಂತಿರುತ್ತದೆ.

ವಸ್ತುವಿನಿಂದಲೇ ಗಿಮಿಕ್ಕು

ಅಮೆರಿಕದವರಂತೆ ತಿನ್ನುವ ಪದಾರ್ಥವನ್ನು ತಲೆಗೆ ಸುರಿಯುವುದು ಇಲ್ಲಿ ನಡೆಯದು. ಅನ್ನ ಚೆಲ್ಲಿದ್ದನ್ನು ನೋಡಿ ಹಿರಿಯರು ಬೇಸರಪಡುತ್ತಾರೆ, ಪ್ರಾಯೋಜಕರಿಗೆ ಒಳ್ಳೆ ಹೆಸರಿನ ಬದಲು ಕೆಟ್ಟ ಹೆಸರು ಬರುತ್ತದೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯದೇ ಇದೆ: ತುಲಾಭಾರ.

ಬೆಲ್ಲದ ವ್ಯಾಪಾರಿಯೋ ಅಕ್ಕಿ ಗಿರಣಿಯವರೋ ಪ್ರಾಯೋಜಕರಾದರೆ ಪಂದ್ಯಾವಳಿಯ ಉತ್ತಮ ರೈಡರನ್ನು ಅವರ ಮಾಲಿನಿಂದ ತೂಗಿ. ಎಲೆಕ್ಟ್ರಾನಿಕ್ ತೂಕದ ಯಂತ್ರದಲ್ಲಿ ನೋಡುವಂಥದ್ದೇನೂ ಇಲ್ಲ, ಎರಡು ತಟ್ಟೆಯ ದೊಡ್ಡ ತಕ್ಕಡಿಯೇ ಬೇಕು. 80 ಕೆಜಿ ಆಟಗಾರ, 80 ಕೆಜಿ ಬೆಲ್ಲ ಎಂದರೆ ಕಂಬದ ಮೇಲೆ 160 ಕೆಜಿ, ತಟ್ಟೆ ಸರಪಳಿ ಬೇರೆ. ಹಿಂದಿನ ದಿನ ಎರಡೂ ಕಡೆ 25 ಕೆಜಿಯ ನಾಲ್ಕು ನಾಲ್ಕು ಅಕ್ಕಿ ಮೂಟೆ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಕಂಬ ವಾಲಿದರೆ, ಕೊಕ್ಕೆ ಬಾಗಿದರೆ ಆಗಲೇ ತಿಳಿಯುತ್ತದೆ. ತಟ್ಟೆ ನೆಲದಿಂದ ಒಂದಡಿಗಿಂತ ಮೇಲಿರಬಾರದು. ಆಟಗಾರನನ್ನು ಮೊದಲೇ ಕೇಳಿ, ಒಪ್ಪದಿದ್ದರೆ ಒತ್ತಾಯ ಬೇಡ. ಕ್ಯಾಮೆರಾ ತಿರುಗುವ ಹೊತ್ತಿಗೆ ಮುಕ್ಕಾಲು ಪಾಲು ಬೆಲ್ಲ ತಟ್ಟೆಯಲ್ಲಿ ಕೂತಿರಬೇಕು. ಕೊನೆಯ ಹದಿನೈದಿಪ್ಪತ್ತು ಕೆಜಿಯನ್ನು ಒಂದೊಂದಾಗಿ ಇಡುತ್ತಾ ಹೋಗಿ. ತಟ್ಟೆ ಏಳುವ ಕ್ಷಣಕ್ಕೆ ಜನ ಕಾಯುತ್ತಾರೆ, ಎಲ್ಲ ಸೇರಿ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆ ಬೆಲ್ಲ ಆಟಗಾರನ ಊರಿನ ಶಾಲೆಯ ಬಿಸಿಯೂಟಕ್ಕೆ ಹೋಗುತ್ತದೆ ಎಂದು ಮೈಕಿನಲ್ಲಿ ಹೇಳಿ, ಮರುವಾರ ತಲುಪಿಸಿ. ಮೇಯೊ ಬೌಲ್‌ನ 10,000 ಡಾಲರ್ ಮಾಡುವ ಕೆಲಸವನ್ನೇ ಇಲ್ಲಿ ಬೆಲ್ಲ ಮಾಡುತ್ತದೆ.

ಬೇಸಿಗೆಯ ಪಂದ್ಯಾವಳಿಯಾದರೆ ಕುಮಟಾದ ಸಿಹಿ ಈರುಳ್ಳಿ ಇದೆ. ಹೆದ್ದಾರಿ ಬದಿಯಲ್ಲಿ ಹೆಣೆದು ತೂಗುಹಾಕುವ ಆ ಗೊಂಚಲನ್ನೇ ಉತ್ತಮ ಕ್ಯಾಚರ್‌ನ ಕೊರಳಿಗೆ ಹಾರವಾಗಿ ಹಾಕಿದರೆ ಪರದೆ ತುಂಬುತ್ತದೆ, ಹಾರ ಆಮೇಲೆ ಅವರ ಮನೆಗೆ ಹೋಗುತ್ತದೆ. ಶಿರಸಿಯ ಅಡಿಕೆ ಸೊಸೈಟಿಯವರಿಗೆ ಹಣ್ಣಡಿಕೆಯ ಗೊನೆ ಹೀಗೆಯೇ ಹೊಂದುತ್ತದೆ. ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕವೂ ಸಿಕ್ಕಿರುವುದರಿಂದ ಕಾಮೆಂಟರಿಯಲ್ಲಿ ಹೇಳಲು ವಿಷಯವಿದೆ. ಮೀನುಗಾರಿಕೆ ಬಂದರಿನ ಐಸ್ ಕಾರ್ಖಾನೆಯವರು ಮುಂದೆ ಬಂದರೆ ಗಾಯಕ್ಕೆ ಹಚ್ಚುವ ಐಸಿನ ಪೆಟ್ಟಿಗೆಗೆ ಅವರ ಹೆಸರು ಬರೆಸಿ ಎರಡನೇ ಕ್ಯಾಮೆರಾದ ಎದುರಿಗಿಡಿ. ಆಟಗಾರರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಪ್ರಾಯೋಜಕತ್ವ ಇದು, ಪ್ರತಿ ಟೈಂ ಔಟ್‌ನಲ್ಲೂ ತಾನಾಗಿ ಪರದೆಗೆ ಬರುತ್ತದೆ. ಮುರುಗಲು ಶರಬತ್ತಿನವರದ್ದು ವಿರಾಮದ ಐದು ನಿಮಿಷದಲ್ಲಿ, ಮ್ಯಾಟಿನಿಂದ ಹೊರಗೆ. ಚೆಲ್ಲಿದರೆ ಮ್ಯಾಟಿಗೆ ಕಲೆ ಬೀಳುತ್ತದೆ, ಅಂಟಿಗೆ ಕಾಲು ಸಿಕ್ಕಿಕೊಳ್ಳುತ್ತದೆ.

ಪ್ರೇಕ್ಷಕರು ಘೋಷಿಸುವ ನಗದು ಬಹುಮಾನ ನಮ್ಮ ಕಬಡ್ಡಿಯ ಹಳೆಯ ರೂಢಿ. ಅದನ್ನು ಬಿಡಬೇಕಿಲ್ಲ, ಆದರೆ ಹೊತ್ತು ಗೊತ್ತಿರಬೇಕು. ಒಂದು ರೈಡ್ 30 ಸೆಕೆಂಡು. ನಡುವೆ ಮೈಕಿನಲ್ಲಿ ಕೂಗಿದರೆ ರೈಡರ್‌ನ 'ಕಬಡ್ಡಿ' ಅಂಪೈರ್‌ಗೆ ಕೇಳಿಸದು. ಅಂಕಣದಲ್ಲಿ ಮೂರು ಅಥವಾ ಕಡಿಮೆ ಮಂದಿಯಷ್ಟೇ ಉಳಿದಿರುವಾಗ ರೈಡರನ್ನು ಹಿಡಿಯುವ ಸೂಪರ್ ಟ್ಯಾಕಲ್‌ಗೆ ಇಂಥವರಿಂದ 500 ರೂಪಾಯಿ ಎಂದು ಪಂದ್ಯಕ್ಕೆ ಮೊದಲೇ ಗೊತ್ತುಮಾಡಿ, ಸೀಟಿ ಊದಿದ ಮೇಲೆ ಪರದೆಯಲ್ಲಿ ಹೆಸರು ಐದು ಸೆಕೆಂಡು ತೋರಿಸಿ. ಸೆಮಿಫೈನಲ್ ಮುಗಿದ ಮೇಲೆ ನಡೆಯುವ ಸನ್ಮಾನ, ಭಾಷಣಗಳನ್ನು ದಯವಿಟ್ಟು ಮೊದಲ ದಿನದ ಉದ್ಘಾಟನೆಗೆ ಸರಿಸಿ. ದೂರದಲ್ಲಿ ಕೂತು ನೋಡುವವರು ಆ ಹೊತ್ತಿನಲ್ಲಿ ಹೋದರೆ ಫೈನಲ್‌ಗೆ ಮರಳಿ ಬರುವುದು ಅನುಮಾನ, ಹೆಚ್ಚು ದುಡ್ಡು ಕೊಟ್ಟವರ ಹೆಸರು ಬರುವುದೋ ಫೈನಲ್‌ನಲ್ಲೇ. ಪಾರಿತೋಷಕದ ಬುಡದ ಸ್ಕ್ರೂಗಳನ್ನೂ ಬಿಗಿಮಾಡಿಡಿ. 2020ರ ಮೇಯೊ ಬೌಲ್ ಗೆದ್ದ ವಿಸ್ಕಾನ್ಸಿನ್ ತಂಡ ಸಂಭ್ರಮದಲ್ಲಿ ಸ್ಫಟಿಕದ ಪಾರಿತೋಷಕವನ್ನು ಬೀಳಿಸಿ ಚೂರು ಮಾಡಿತ್ತು.

ಬೆಳಕು, ಕರೆಂಟು, ನೆಟ್‌ವರ್ಕ್

ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾವನ್ನು 30 ಫ್ರೇಮಿಗೆ ಬಿಟ್ಟರೆ ಪರದೆಯ ಮೇಲೆ ಕಪ್ಪು ಪಟ್ಟಿ ಹರಿಯಬಹುದು. 25 ಫ್ರೇಮ್, ಶಟರ್ 1/50 ಇಡಿ. ಆಮೇಲೂ ಮಿನುಗಿದರೆ ತಪ್ಪು ಅಗ್ಗದ ಎಲ್‌ಇಡಿಯ ಡ್ರೈವರಿನದು, ಆ ದೀಪವನ್ನೇ ಬದಲಿಸಬೇಕು. ಒಂದು ದೀಪವೂ ಕ್ಯಾಮೆರಾಕ್ಕೆ ನೇರ ಎದುರಾಗಿರಬಾರದು. ಡಿಸೆಂಬರ್–ಜನವರಿಯಲ್ಲಿ ಶಿರಸಿ ಕಡೆ ನಡುರಾತ್ರಿ ಇಬ್ಬನಿ ಬೀಳುತ್ತದೆ: ಲೆನ್ಸಿಗೆ ಒಣ ಬಟ್ಟೆ, ಕ್ಯಾಮೆರಾದ ಮೇಲೊಂದು ಮಾಡು, ಮ್ಯಾಟ್ ಒರೆಸಲು ಇಬ್ಬರು ಬೇಕು. ಒದ್ದೆ ಮ್ಯಾಟಿನ ಮೇಲೆ ಆಡಿಸಿ ಮೊಣಕಾಲು ಕಳೆದುಕೊಳ್ಳುವುದು ಆಟಗಾರ, ಆದ್ದರಿಂದ ಈ ಇಬ್ಬರ ವಿಷಯದಲ್ಲಿ ರಾಜಿ ಬೇಡ.

ಹೆಸ್ಕಾಂ ತಾತ್ಕಾಲಿಕ ಸಂಪರ್ಕ ಪಡೆದಿದ್ದರೂ ಜನರೇಟರ್ ಇರಲಿ. ಕ್ಯಾಮೆರಾ, ಲ್ಯಾಪ್‌ಟಾಪ್, ರೂಟರ್ ಈ ಮೂರನ್ನು ದೀಪದ ಲೈನಿಗೆ ಸೇರಿಸದೆ ಬೇರೆ ಯುಪಿಎಸ್‌ಗೆ ಕೊಡಿ. ಕರೆಂಟಿನಿಂದ ಜನರೇಟರಿಗೆ ಬದಲಿಸುವ ಹತ್ತು ಸೆಕೆಂಡಿಗೆ ರೂಟರ್ ಆರಿದರೆ ಮತ್ತೆ ಏಳಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಅರ್ಧ ಪಂದ್ಯದ ಕತೆಯೇ ಬದಲಾಗಿರುತ್ತದೆ.

ಲ್ಯಾಪ್‌ಟಾಪಿನಿಂದ ನೇರಪ್ರಸಾರ ಕಳಿಸುವ ಒಬಿಎಸ್ ತಂತ್ರಾಂಶ ಉಚಿತ. ಅದರಲ್ಲಿ 1280×720, 25 ಫ್ರೇಮ್, 4 ಎಂಬಿಪಿಎಸ್, ಕೀಫ್ರೇಮ್ 2 ಸೆಕೆಂಡ್ ಇಡಿ. ಗಂಟೆಗೆ ಸುಮಾರು 1.8 ಜಿಬಿ ಖರ್ಚಾಗುತ್ತದೆ. ಅಪ್‌ಲೋಡ್ ವೇಗ ಕನಿಷ್ಠ 8 ಎಂಬಿಪಿಎಸ್ ಬೇಕು. ಡೌನ್‌ಲೋಡ್ ವೇಗ ನೋಡಿ ಸಮಾಧಾನಪಡಬೇಡಿ. ಸಂಜೆ ಖಾಲಿ ಮೈದಾನದಲ್ಲಿ ಚೆನ್ನಾಗಿದ್ದ ಮೊಬೈಲ್ ನೆಟ್‌ವರ್ಕ್ ಜನ ಸೇರಿದ ಮೇಲೆ ಕುಸಿಯುತ್ತದೆ, ಎಲ್ಲರ ಕೈಯಲ್ಲೂ ಫೋನಿರುತ್ತದೆ, ಟವರು ಒಂದೇ. ಹತ್ತಿರದ ಶಾಲೆಯಿಂದಲೋ ಮನೆಯಿಂದಲೋ ಫೈಬರ್ ಸಂಪರ್ಕ ಎಳೆಯಿರಿ. ಲ್ಯಾನ್ ಕೇಬಲ್ 100 ಮೀಟರ್ ಮೀರಬಾರದು, ಮೀರಿದರೆ ನಡುವೆ ಸ್ವಿಚ್ ಹಾಕಿ. ಬೇರೆ ಕಂಪನಿಯ ಸಿಮ್ ಇರುವ ಹಾಟ್‌ಸ್ಪಾಟ್ ಕೈಗೆ ಸಿಗುವಂತಿರಲಿ.

ಹೊಸ ಚಾನೆಲ್ಲಾದರೆ ನೇರಪ್ರಸಾರದ ಅನುಮತಿ ಸಕ್ರಿಯವಾಗಲು 24 ಗಂಟೆ ಹಿಡಿಯಬಹುದು. ಬರೀ ಮೊಬೈಲ್ ಆ್ಯಪ್‌ನಿಂದ ಮಾಡುವುದಾದರೆ 50 ಚಂದಾದಾರರು ಬೇಕು. 12 ಗಂಟೆ ಮೀರಿದ ಪ್ರಸಾರ ಪೂರ್ತಿಯಾಗಿ ಉಳಿಯುವ ಖಾತ್ರಿ ಇಲ್ಲ, ಆದ್ದರಿಂದ ಕ್ವಾರ್ಟರ್ ಫೈನಲ್‌ನಿಂದ ಹೊಸ ಲಿಂಕ್ ತೆರೆಯಿರಿ. ಶೀರ್ಷಿಕೆಗೆ 100 ಅಕ್ಷರದ ಮಿತಿ. ಕನ್ನಡದಲ್ಲಿ ಪ್ರತಿ ಗುಣಿತ ಚಿಹ್ನೆಯನ್ನೂ ಯಂತ್ರ ಬೇರೆಯಾಗಿ ಎಣಿಸುವುದರಿಂದ 'ಪಂದ್ಯಾವಳಿ' ಒಂದಕ್ಕೇ 9 ಹೋಗುತ್ತದೆ. ಮುಖ್ಯ ಪ್ರಾಯೋಜಕರ ಹೆಸರು ಮೊದಲು, ಊರು ಆಮೇಲೆ, ಉಳಿದದ್ದು ವಿವರಣೆಯಲ್ಲಿ.

ಸ್ಕೋರ್ ಪಟ್ಟಿಯ ಪಕ್ಕ ಒಬ್ಬರದೇ ಲೋಗೊ ಇರಲಿ. ಸ್ಕೋರ್ ಬದಲಿಸುವವರು ಅಧಿಕೃತ ಸ್ಕೋರರ್‌ನ ಪಕ್ಕದಲ್ಲೇ ಕೂರಬೇಕು. ಫೋನಿನಲ್ಲಿ ಪ್ರಸಾರ ನೋಡಿ ತಿದ್ದಲು ಹೋದರೆ ಹತ್ತಿಪ್ಪತ್ತು ಸೆಕೆಂಡು ಹಿಂದಿನ ಅಂಕ ತಿದ್ದಿದಂತಾಗುತ್ತದೆ.

ಧ್ವನಿ ಮತ್ತು ಕಾನೂನು

ಪಂದ್ಯಗಳ ನಡುವೆ ಹಾಕುವ ಸಿನಿಮಾ ಹಾಡು ಪ್ರಸಾರಕ್ಕೆ ಹೋದರೆ ಯೂಟ್ಯೂಬ್ ಅದನ್ನು ಗುರುತಿಸಿ ನೇರಪ್ರಸಾರವನ್ನೇ ನಿಲ್ಲಿಸಬಹುದು. ಕಾಮೆಂಟರಿ ಮೈಕಿನ ತಂತಿಯನ್ನು ಮಿಕ್ಸರಿನಿಂದ ನೇರ ಲ್ಯಾಪ್‌ಟಾಪಿಗೆ ತನ್ನಿ, ಹಾಡಿನ ಚಾನೆಲ್ ಆ ದಾರಿಗೆ ಸೇರದಿರಲಿ. ಈ ಜೋಡಣೆಗೆ ಇನ್ನೊಂದು ಲಾಭವಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಮೈದಾನದ ಸ್ಪೀಕರ್ ಆರಿಸಿದ ಮೇಲೂ ಮನೆಯಲ್ಲಿ ನೋಡುವವರಿಗೆ ಕಾಮೆಂಟರಿ ಹೋಗುತ್ತಲೇ ಇರುತ್ತದೆ, ಪ್ರಾಯೋಜಕರ ಹೆಸರೂ ಸಹ. ಕಾರವಾರದ ಟಾಗೋರ್ ಕಡಲತೀರದಂಥ ಕಡೆ ಮೈಕಿಗೆ ದಪ್ಪ ಸ್ಪಂಜಿನ ಟೊಪ್ಪಿ ಹಾಕದಿದ್ದರೆ ಗಾಳಿಯ ಸದ್ದು ಮಾತನ್ನು ಮುಚ್ಚುತ್ತದೆ.

ಪ್ರಾಯೋಜಕರೇ ತಯಾರಿಸಿ ಕೊಟ್ಟ ವಿಡಿಯೊ ಜಾಹೀರಾತನ್ನು ಪ್ರಸಾರದ ನಡುವೆ ತೂರಿಸುವುದಕ್ಕೆ ಯೂಟ್ಯೂಬ್ ನಿಯಮದಲ್ಲಿ ಅವಕಾಶವಿಲ್ಲ. ಬ್ಯಾನರು, ಬಾಯಿಮಾತಿನ ಉಲ್ಲೇಖ ನಡೆಯುತ್ತದೆ, ಪಾವತಿ ಪಡೆದ ಪ್ರಚಾರವಿದೆ ಎಂಬ ಗುರುತು ಮಾತ್ರ ಹಾಕಿ. ಗುಟ್ಕಾ, ಸಿಗರೇಟು ಕಂಪನಿಗಳ ಹಣವನ್ನು ಮುಟ್ಟಬೇಡಿ: 2003ರ ತಂಬಾಕು ಕಾಯ್ದೆ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ನಿಷೇಧಿಸಿದೆ. ಅಡಿಕೆ ಸೊಸೈಟಿ ಬೇರೆ, ಗುಟ್ಕಾ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಆ್ಯಪ್‌ನವರು ದೊಡ್ಡ ಮೊತ್ತ ಹೇಳಿಕೊಂಡು ಬಂದರೂ ಕಳಿಸಿಬಿಡಿ, 2025ರ ಕಾಯ್ದೆಯಡಿ ಅವುಗಳ ಪ್ರಚಾರವೂ ಅಪರಾಧ. ಡ್ರೋನ್ ಹಾರಿಸುವ ಆಸೆಯಿದ್ದರೆ ಮೊದಲು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಕಾರವಾರದಲ್ಲಿ ನೌಕಾನೆಲೆಯಿದೆ, ಕೈಗಾದಲ್ಲಿ ಅಣುಸ್ಥಾವರವಿದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಪಂದ್ಯಾವಳಿ ಮುಗಿದ ಎರಡು ದಿನದೊಳಗೆ ಪ್ರತಿ ಪ್ರಾಯೋಜಕರಿಗೂ ಒಂದು ಪುಟ ಬರೆದು ಕೊಡಿ: ಒಟ್ಟು ವೀಕ್ಷಣೆ, ಒಂದೇ ಹೊತ್ತಿಗೆ ಅತಿ ಹೆಚ್ಚು ನೋಡಿದವರ ಸಂಖ್ಯೆ, ಅವರ ಹೆಸರು ಪರದೆಗೆ ಬಂದ ಗಂಟೆ–ನಿಮಿಷ, ಎರಡು ಸ್ಕ್ರೀನ್‌ಶಾಟ್. ತುಲಾಭಾರದಂಥ ಗಳಿಗೆಯನ್ನು 40–50 ಸೆಕೆಂಡಿಗೆ ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಹೋಗುವ ತುಣುಕು ಮಾಡಿ. ಕರೆಂಟು ಹೋಗಿ ಇಪ್ಪತ್ತು ನಿಮಿಷ ಪ್ರಸಾರ ನಿಂತಿದ್ದರೆ ಅದನ್ನೂ ಬರೆಯಿರಿ. ಈ ಪುಟವನ್ನು ಸಂಘದ ರಸೀದಿಯ ಜೊತೆ ಅಂಗಡಿಗೇ ಹೋಗಿ ಕೈಗೆ ಕೊಡಬೇಕು, ಮುಂದಿನ ವರ್ಷದ ತಾರೀಖು ಗೊತ್ತಾಗಿದ್ದರೆ ಅದನ್ನೂ ಅಲ್ಲೇ ಹೇಳಿ ಬನ್ನಿ.